ಅಗ್ಗದ ಪಿಸ್ತೂಲು ಮತ್ತು ಜೋಗಿ ಮಾಸ್ಟರು

ಜೋಗಿ ಮಾಸ್ಟರ ಮಾತನ್ನು ಮುಳ್ಳಿಹಟ್ಟಿಯಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ವರ್ಷಕ್ಕೊಂದು ದಿನ ಕೇಳುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಸುತ್ತಲಿನ ಹಟ್ಟಿಗಳೆಲ್ಲ ಸೇರಿ ಶಾಲೆಯ ಮೈದಾನದಲ್ಲಿ ಆಟೋಟ ನಡೆಸುವ ದಿನ ಅದು. ಅಂದು ಓಟ ಬಿಡುವ ಕೆಲಸ ಅವರದು. ಬಲಗೈಯಲ್ಲಿ ಪಿಸ್ತೂಲು ಹಿಡಿದು, ತೋಳನ್ನು ಆಕಾಶಕ್ಕೆತ್ತಿ, 'ರೆಡೀ' ಎಂದು ಎಳೆದರೆ ಸಾಕು, ಇಡೀ ಮೈದಾನ ತೆಪ್ಪಗಾಗುತ್ತಿತ್ತು. ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸುತ್ತಿದ್ದ. ಅಳುವ ಮಕ್ಕಳು ಸಹ ಬಾಯಿ ತೆರೆದುಕೊಂಡೇ ಕಾಯುತ್ತಿದ್ದವು. 'ರೆಡಿ'ಗೂ 'ಢಮ್'ಗೂ ನಡುವಿನ ಆ ಚೂರು ಮೌನವಿದೆಯಲ್ಲ, ಅದಕ್ಕಾಗಿ ಮಾಸ್ಟರು ಉಳಿದ ವರ್ಷವನ್ನೆಲ್ಲ ಸಹಿಸಿಕೊಂಡಿದ್ದರು.

ಉಳಿದ ವರ್ಷದಲ್ಲಿ ಸಹಿಸಬೇಕಾದದ್ದು ಬೇಕಾದಷ್ಟಿತ್ತು. ಅವರು ಊಟಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರು. ಪಿ.ಟಿ. ಪಿರಿಯಡ್ಡು ಎಂದರೆ ಗಣಿತದ ಮಾಸ್ಟರು ಬಾಕಿ ಪಾಠ ಮುಗಿಸಿಕೊಳ್ಳುವ ಪಿರಿಯಡ್ಡು ಎಂದು ಎಲ್ಲ ಶಾಲೆಗಳಂತೆ ಅಲ್ಲಿಯೂ ತೀರ್ಮಾನವಾಗಿತ್ತು. ಮಾಸ್ಟರು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಸ್ಟಾಫ್ ರೂಮಿನಲ್ಲಿ ಕುಳಿತು, ಮಂಜು ಬಿದ್ದ ಖಾಲಿ ಮೈದಾನವನ್ನು ಕಿಟಕಿಯಿಂದ ನೋಡಿಕೊಂಡು ವರ್ಷಗಳನ್ನು ಕಳೆದಿದ್ದರು. ಮನೆಯಲ್ಲಿ ಹೆಂಡತಿ ವಸಂತಾಮಣಿಯದೇ ಮಾತು. ಮನೆ ಹಿಂದಿನ ಅಷ್ಟಗಲದ ಚಹಾ ತೋಟದಲ್ಲಿ ಯಾವ ಸಾಲಿನ ಎಲೆ ಕೀಳುವುದು ಇವತ್ತು, ಯಾವುದು ನಾಳೆ ಎಂಬುದನ್ನೆಲ್ಲ ಹೇಳುವವಳು ಅವಳು. ಚೀಲ ಹೊರುವವರು ಮಾಸ್ಟರು. ಚಹಾ ಎಲೆ ತೆಗೆದುಕೊಳ್ಳುವ ಫ್ಯಾಕ್ಟರಿಯವನು ಕೂಡ, 'ಮಾಸ್ಟರ್, ಅಕ್ಕನ ಒಂದು ಮಾತು ಕೇಳಿಕೊಂಡು ಬನ್ನಿ' ಎನ್ನುತ್ತಿದ್ದ.

ಹೀಗಿದ್ದ ಮಾಸ್ಟರ ಆ ಒಂದು ದಿನಕ್ಕೂ ಕಲ್ಲು ಬಿದ್ದದ್ದು ತೊಂಬತ್ತೆಂಟರ ಆಟೋಟದಲ್ಲಿ. ಹಳೆಯ ಪಿಸ್ತೂಲು ಯಾವುದೋ ಎಸ್ಟೇಟಿನ ಬಿಳಿ ದೊರೆ ಬಿಟ್ಟುಹೋದದ್ದು. ಗುಂಡು ಹಾಕುವಂಥದ್ದಲ್ಲ, ಕೇಪು ಹಾಕಿ ಸದ್ದು ಮಾಡಿಸುವುದು. ಆ ವರ್ಷ ಅದಕ್ಕೆ ವಯಸ್ಸಾಗಿತ್ತು. 'ರೆಡೀ' ಎಂದಾಯಿತು, ಮೌನವಾಯಿತು, ಮಾಸ್ಟರು ಒತ್ತಿದರು. 'ಟಿಕ್' ಎಂದಿತು. ಮತ್ತೆ ಒತ್ತಿದರು. 'ಟಿಕ್.' ಮೂರನೆಯ ಸಲ ಸ್ಪ್ರಿಂಗೇ ಹಾರಿ ಹುಲ್ಲಿನೊಳಗೆ ಬಿತ್ತು. ಮಾಸ್ಟರಿಗೆ ದಿಕ್ಕು ತೋಚದೆ, ತೋಳನ್ನು ಹಾಗೆಯೇ ಎತ್ತಿ ಹಿಡಿದು, ಬಾಯಿಂದಲೇ 'ಢಮ್!' ಎಂದು ಕೂಗಿಬಿಟ್ಟರು. ಅರ್ಧ ಹುಡುಗರು ಓಡಿದರು. ಇನ್ನರ್ಧ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಅಂದಿನಿಂದ ಅವರಿಗೆ 'ಢಮ್ ಮಾಸ್ಟರು' ಎಂಬ ಬಿರುದು ಬಂತು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ 'ರೆಡೀ' ಎನ್ನುವುದು, ಇನ್ಯಾರೋ 'ಟಿಕ್' ಎನ್ನುವುದು, ಇವರು ಕಿಟಕಿಯಾಚೆಯ ಕರ್ಪೂರಮರಗಳನ್ನು ಆಸಕ್ತಿಯಿಂದ ನೋಡುವುದು ಮಾಮೂಲಾಯಿತು.

ಮರುವರ್ಷದ ಕಮಿಟಿ ಸಭೆಯಲ್ಲಿ ಅಧ್ಯಕ್ಷ ಕಾಳ ನೇರವಾಗಿ ವಿಷಯಕ್ಕೆ ಬಂದ. ಕಾಳ ಆಲೂಗಡ್ಡೆ ಬೆಳೆಯುವ ಮನುಷ್ಯ. ದೊಡ್ಡ ದನಿ, ದೊಡ್ಡ ಮುಂಡಾಸು, ಮಾಸ್ಟರಿಗಿಂತ ಹತ್ತು ವರ್ಷ ಹಿರಿಯ.

"ಏನ ಜೋಗಿ, ಈ ವರ್ಷವೂ ಬಾಯಲ್ಲೇ ಹೊಡೆತವಾ?"

"ಇಲ್ಲೆ ಕಾಳಣ್ಣ. ಹೊಸ ಪಿಸ್ತೂಲು ತೆಗೆದರೆ ಆತು."

"ಪಿಸ್ತೂಲು ಯಾಕ? ನಮ್ಮ ಪ್ರವೀಣ್‌ಕುಮಾರ್ ಹತ್ರ ಸೀಟಿ ಇದೆ. ಸೀಟಿಗ ಸ್ಪ್ರಿಂಗೂ ಇಲ್ಲೆ, ಕೇಪೂ ಇಲ್ಲೆ."

ಪ್ರವೀಣ್‌ಕುಮಾರ್ ಹಟ್ಟಿಯ ಹೆಣ್ಣುಮಕ್ಕಳಿಗೆ ಸಂಜೆ ಹೊತ್ತು ಓಟ ಕಲಿಸುವ ಯುವಕ, ಒಳ್ಳೆಯವನು. ತಾನೇನೋ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಕುಳಿತಿದ್ದ.

"ಸೀಟಿಯಲ್ಲಿ ಮರ್ಯಾದೆ ಇಲ್ಲೆ ಕಾಳಣ್ಣ," ಎಂದರು ಮಾಸ್ಟರು. ವರ್ಷವಿಡೀ ಕೊರಳಲ್ಲಿ ಸೀಟಿ ಕಟ್ಟಿಕೊಂಡು ತಿರುಗಿದವರಿಗೆ ಅದು ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಕೊನೆಗೆ ತೀರ್ಮಾನವಾಯಿತು. ಚಹಾ ಎಲೆಗೆ ರೇಟು ಬಿದ್ದ ವರ್ಷವಾದ್ದರಿಂದ ಕಮಿಟಿಯ ಕೈ ಬಿಗಿ, ಸಿಕ್ಕಿದ್ದರಲ್ಲಿ ಅಗ್ಗದ ಪಿಸ್ತೂಲು ತರುವುದು. ಅದು ಸದ್ದು ಮಾಡಿದರೆ ಮಾಸ್ಟರು, ಮಾಡದಿದ್ದರೆ ಆ ಕ್ಷಣದಿಂದ ಮುಂದಕ್ಕೆ ಸೀಟಿ. ಮಾಸ್ಟರು ಮನೆಗೆ ನಡೆಯುತ್ತ ಯೋಚಿಸಿದರು: ತನ್ನ ಮಾನವೆಲ್ಲ ಇನ್ನು ಒಂದು ಅಗ್ಗದ ಸ್ಪ್ರಿಂಗಿನ ಮೇಲೆ ನಿಂತಿತು. ಅಷ್ಟು ಮಾನವನ್ನು ಹೊರುವ ಶಕ್ತಿ ಅಗ್ಗದ ಸ್ಪ್ರಿಂಗಿಗೆ ಇರುತ್ತದೆಯೇ?

ಇದೇ ಪ್ರಶ್ನೆಯನ್ನು ಅವರು ಊಟಿಯ ಆಟದ ಸಾಮಾನಿನ ಅಂಗಡಿಯಲ್ಲಿ ಸರವಣನ್ ಮುಂದಿಟ್ಟರು. ಸರವಣನ್ ಅಂಗಡಿಯ ಯಜಮಾನ. ಗಿರಾಕಿಯ ಷರಟಿನ ಕಾಲರು ನೋಡಿಯೇ ಯಾವ ಮಾಲು ತೆಗೆಯಬೇಕೆಂದು ತಿಳಿಯುವವನು. ಆದರೂ ಮರ್ಯಾದೆಗೆಂದು ಮೊದಲು ಗಾಜಿನ ಕಪಾಟನ್ನೇ ತೆರೆದ.

"ಇದು ಜರ್ಮನಿ ಮಾಲು ಸಾರ್. ತೊಟ್ಟು ಪಾರುಂಗ."

ಮಾಸ್ಟರು ಮುಟ್ಟಿ ನೋಡಿದರು. ತಣ್ಣಗೆ, ಭಾರವಾಗಿ, ಒಳ್ಳೆಯ ಮನೆತನದ ಹಾಗಿತ್ತು. ಬೆಲೆ ಕೇಳಿ ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ದಿಲ್ಲಿ ಕಡೆಯದು. ಒಂದು ವರ್ಷ ಗ್ಯಾರಂಟಿ."

ಮಾಸ್ಟರು ಅದನ್ನು ಮುಟ್ಟುವ ಮೊದಲೇ ಬೆಲೆ ಕೇಳಿದರು. ಮುಟ್ಟಲಿಲ್ಲ.

ಆಗ ಸರವಣನ್ ಬಗ್ಗಿ, ಕೇರಂ ಪೌಡರಿನ ಡಬ್ಬಿಗಳ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು, ಬಾಯಿಂದ ಧೂಳು ಊದಿದ. ಮೇಲೆ 'ವೀರಬಾಣ' ಎಂದು ಕೆಂಪಕ್ಷರ. ಅದರ ಕೆಳಗೆ ಮೀಸೆಯವನೊಬ್ಬ ಜಿಂಕೆಗೆ ಗುರಿಯಿಟ್ಟ ಚಿತ್ರ. ಜಿಂಕೆ ನಗುತ್ತಿದ್ದಂತೆ ಕಾಣುತ್ತಿತ್ತು.

"ಇದಕ್ಕೆ ಗ್ಯಾರಂಟಿ?"

"ಗ್ಯಾರಂಟಿ ಇಲ್ಲ ಸಾರ್. ನಂಬಿಕೆ."

"ಯಾರ ಮೇಲೆ?"

"ಮುರುಗನ ಮೇಲೆ ಸಾರ್."

"ತಮಾಷೆ ಬೇಡಪ್ಪ. ಇದು ಕೆಡುತ್ತೋ ಇಲ್ಲವೋ, ಅದನ್ನು ಹೇಳು."

ಸರವಣನ್ ಗಂಭೀರನಾದ. "ನಿಜ ಹೇಳ್ತೀನಿ ಸಾರ್. ಆ ಜರ್ಮನಿದು ಕೆಟ್ಟರೆ ಜನ ಬಂದು ಜಗಳ ಆಡ್ತಾರೆ. ದಿಲ್ಲಿದು ಕೆಟ್ಟರೆ ಬಂದು ಅಳ್ತಾರೆ. ಇದು ಕೆಟ್ಟರೆ ಯಾರೂ ಬರೋದೇ ಇಲ್ಲ. ಆದ್ದರಿಂದ ಇದು ಕೆಟ್ಟ ಸುದ್ದಿ ಇದುವರೆಗೆ ನನ್ನ ಕಿವಿಗೆ ಬಿದ್ದಿಲ್ಲ."

ಮಾಸ್ಟರು ಈ ತರ್ಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲಿಯೋ ಒಂದು ತೂತಿರಬೇಕೆಂದು ಅನ್ನಿಸಿತು, ಆದರೆ ಕೈಗೆ ಸಿಗಲಿಲ್ಲ. ಕಮಿಟಿ ಕೊಟ್ಟ ದುಡ್ಡಿಗೆ ಸರಿಯಾಗಿ ಹೊಂದುವ ತರ್ಕದಲ್ಲಿ ತೂತು ಹುಡುಕುವುದು ನಮ್ಮಲ್ಲಿ ಯಾರಿಗೂ ಸುಲಭವಲ್ಲ. ವೀರಬಾಣವನ್ನೂ ಎರಡು ಡಬ್ಬಿ ಕೇಪನ್ನೂ ಕಟ್ಟಿಸಿಕೊಂಡು ಬಸ್ಸು ಹತ್ತಿದರು.

ಮನೆಯ ಹಿಂದೆ ಪರೀಕ್ಷೆ ನಡೆಯಿತು. ಮೊದಲನೆಯದು 'ಢಮ್' ಎಂದಿತು. ಕೋಳಿಗಳು ಛಾವಣಿ ಹತ್ತಿದವು. ಮಾಸ್ಟರ ಮುಖ ಅರಳಿತು. ಎರಡನೆಯದು 'ಟಿಕ್'. ಮೂರನೆಯದೂ 'ಟಿಕ್'. ನಾಲ್ಕನೆಯದು ಏನೂ ಅನ್ನಲಿಲ್ಲವೆಂದು ಅವರು ಕೈ ಇಳಿಸುತ್ತಿದ್ದಾಗ, ಯೋಚನೆ ಮಾಡಿ ಬಂದವರಂತೆ ತಡವಾಗಿ 'ಢಮ್' ಎಂದಿತು. ಗಂಡ ಬರಲಿಲ್ಲವೆಂದು ತಾನೇ ಎಲೆಚೀಲ ಹೊತ್ತು ಬರುತ್ತಿದ್ದ ವಸಂತಾಮಣಿ ಚೀಲವನ್ನು ಅಲ್ಲೇ ಕೆಡವಿದಳು.

"ಅಗ್ಗಕ್ಕ ಮುಗ್ಗಿದ ಜೋಳ ಕೊಂಡ ಹಾಗಾತು ನಿನ್ನ ಬಾಳು!"

ನೀಲಗಿರಿಯಲ್ಲಿ ಜೋಳ ಕಂಡವರು ಕಡಿಮೆ. ಆದರೆ ಗಾದೆಗೆ ಹವಾಮಾನದ ಹಂಗಿಲ್ಲ.

"ನಂಬಕ್ಕಾಗಲ್ಲ ಇದನ್ನ," ಎಂದು ಮಾಸ್ಟರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಒಂದೊಂದು ಸಲ ಹೊಡೆಯುತ್ತೆ, ಒಂದೊಂದು ಸಲ ಇಲ್ಲೆ."

ಗಂಡನ ಮುಖ ನೋಡಿ ವಸಂತಾಮಣಿಯ ದನಿ ತಗ್ಗಿತು. ಕೇಪಿನ ಡಬ್ಬಿಯನ್ನು ತೆಗೆದುಕೊಂಡು ಬೆರಳಲ್ಲಿ ಒತ್ತಿ ನೋಡಿದಳು. "ಇದು ಥಂಡಿ ಹಿಡಿದಿದೆ. ಈ ಮಂಜಿಗ ಬೆಂಕಿಕಡ್ಡಿಯೇ ಹತ್ತಲ್ಲ, ಇದು ಹತ್ತುತ್ತಾ? ನಾ ಬೆಂಕಿಪೊಟ್ಟಣವ ಅಕ್ಕಿ ಡ್ರಮ್ಮಲ್ಲಿ ಇಡ್ತೀನಿ. ಇದನ್ನೂ ಅಲ್ಲೇ ಇಡು."

ಇಟ್ಟರು. ಕೆಲವು ದಿನ ಮುಳ್ಳಿಹಟ್ಟಿಯ ಒಂದು ಮನೆಯಲ್ಲಿ ಅನ್ನಕ್ಕೆ ಸ್ವಲ್ಪ ದೀಪಾವಳಿಯ ವಾಸನೆ ಇತ್ತು. ಆದರೆ ಕೇಪು ಗರಿಗರಿಯಾಯಿತು. ಮರುಪರೀಕ್ಷೆಯಲ್ಲಿ ಪಿಸ್ತೂಲು ಸಾಲಾಗಿ ಹೊಡೆಯಿತು, ನಡುವೆ ಒಂದೇ ಒಂದು ಸಲ 'ಟಿಕ್' ಎಂದಿತು. ಕೇಪನ್ನು ಬಡಿಯುವ ಕುದುರೆಯನ್ನು ಎತ್ತಿ ಇನ್ನೊಮ್ಮೆ ಒತ್ತಿದರೆ ಆ ಕೇಪೂ ಹೊಡೆಯಿತು. ಟ್ರಿಗ್ಗರು ಮಾತ್ರ ವಿಚಿತ್ರವಾಗಿತ್ತು. ಬಲಗೈ ಬೆರಳಿಗೆ ಬಿಗಿ, ಎಡಗೈಯಲ್ಲಿ ಹಿಡಿದರೆ ಮುಟ್ಟಿದ ಮಾತ್ರಕ್ಕೆ ಸಡಿಲ.

"ಒಟ್ಟಿನಲ್ಲಿ ಒಳ್ಳೆಯದೇ," ಎಂದರು ಮಾಸ್ಟರು.

"ಒಟ್ಟಿನಲ್ಲಿ ನೀನೂ ಒಳ್ಳೆಯವನೇ," ಎಂದಳು ವಸಂತಾಮಣಿ. "ಆ ಒಟ್ಟಿನಲ್ಲಿ ಅನ್ನೋದರಲ್ಲೇ ನಾ ಇಷ್ಟು ವರ್ಷ ತೆಗೆದೆ."

ಆಟೋಟದ ದಿನ ಬೆಳಿಗ್ಗೆ ಮೈದಾನದ ಮೇಲೆ ಮಂಜು ಇಳಿದಿತ್ತು. ಸುತ್ತಲಿನ ಹಟ್ಟಿಗಳ ಜನ ಬಿಳಿ ಶಾಲು ಹೊದ್ದು ಸಾಲಾಗಿ ಕುಳಿತಿದ್ದರು. ಮೊದಲ ಓಟ ಹೆಣ್ಣುಮಕ್ಕಳ ನೂರು ಮೀಟರು. ಮೈಕಿನ ಪಕ್ಕ ಕಾಳ, ಕಾಳನ ಪಕ್ಕ ಕೊರಳಿಗೆ ಸೀಟಿ ಕಟ್ಟಿಕೊಂಡ ಪ್ರವೀಣ್‌ಕುಮಾರ್. ಮಾಸ್ಟರು ಕೇಪಿನ ಡಬ್ಬಿಯನ್ನು ಸ್ವೆಟರಿನೊಳಗೆ ಎದೆಗೆ ಒತ್ತಿಟ್ಟುಕೊಂಡು ಬಂದು, ಗೆರೆಯ ಹತ್ತಿರ ನಿಂತರು. ಆ ಮೂಲೆಯಲ್ಲಿ ಒಂದು ಕಡೆ ಶಾಲೆಯ ಗೋಡೆ, ಇನ್ನೊಂದು ಕಡೆ ಚಹಾ ಗಿಡ. ಆದ್ದರಿಂದ ಓಟ ಬಿಡುವವನು ಮೊದಲ ಲೇನಿನ ಅಂಚಿಗೇ ಒತ್ತಿಕೊಂಡು ನಿಲ್ಲಬೇಕಿತ್ತು.

ಮೊದಲ ಲೇನಿನಲ್ಲಿದ್ದವಳು ಅಭಿನಯಾ, ವಸಂತಾಮಣಿಯ ತವರು ಹಟ್ಟಿಯ ಹುಡುಗಿ, ಮಾಸ್ಟರನ್ನು ಮಾಮ ಎನ್ನುವವಳು. ಹಿಂದಿನ ವರ್ಷಗಳಲ್ಲಿ ಮಕ್ಕಳು ಒಂದು ಕಾಲು ಮುಂದಿಟ್ಟು ನಿಂತೇ ಓಡುತ್ತಿದ್ದರು. ಈ ವರ್ಷ ಪ್ರವೀಣ್‌ಕುಮಾರ್ ಟಿ.ವಿ.ಯಲ್ಲಿ ತೋರಿಸುವಂತೆ ಎರಡೂ ಕೈ ನೆಲಕ್ಕೂರಿ, ಮೊಣಕಾಲು ಮಡಿಸಿ, ತಲೆ ಬಗ್ಗಿಸಿ ಕೂರುವುದನ್ನು ಕಲಿಸಿದ್ದ. ಇದನ್ನು ಅವನು ಮಾಸ್ಟರಿಗೆ ಹೇಳಿರಲಿಲ್ಲ. ಹೇಳಿದ್ದರೂ ಮುಂದಾದದ್ದು ಆಗುತ್ತಲೇ ಇತ್ತೇನೋ.

"ರೆಡೀ..."

ಮಕ್ಕಳು ಕುಳಿತರು. ಅಭಿನಯಾಳ ಬಗ್ಗಿದ ತಲೆ ಮಾಸ್ಟರ ಮಂಡಿಯ ಮುಂದೆಯೇ ಬಂತು.

ಹಟ್ಟಿಗಳಲ್ಲಿ ಕಿರಿಯರು ತಲೆ ಬಗ್ಗಿಸಿದರೆ ಹಿರಿಯರು ತಲೆಯ ಮೇಲೆ ಬಲಗೈ ಇಟ್ಟು, ಇದ್ದದ್ದು ಒಂಬತ್ತು ಪಟ್ಟಾಗಲೆಂದು ಹರಸಬೇಕು. ಅದಕ್ಕೆ ಹೊತ್ತುಗೊತ್ತಿಲ್ಲ. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಡುತ್ತಾರೆ, ಕ್ಷೌರಕ್ಕೆ ಕುಳಿತವರು ಮುಖದ ಸೋಪಿನೊಂದಿಗೇ ಹರಸುತ್ತಾರೆ. ಜೋಗಿ ಮಾಸ್ಟರ ಕೈಗೆ ಈ ಕೆಲಸ ಎಷ್ಟು ಹಳೆಯದೆಂದರೆ, ಅದು ಈಗ ಅವರನ್ನು ಕೇಳುತ್ತಲೇ ಇರಲಿಲ್ಲ. ಎದುರಿಗೆ ಬಗ್ಗಿದ ತಲೆ ಕಂಡದ್ದೇ ತಡ, ಪಿಸ್ತೂಲು ಎಡಗೈಗೆ ಹೋಯಿತು, ಬಲಗೈ ಅಭಿನಯಾಳ ತಲೆಯ ಮೇಲೆ ಇಳಿಯಿತು.

"ಒಂದು ಒಂಬತ್ತಾಗಲಿ ಕೂಸು. ಒಳ್ಳೆಂಗೆ ಬದುಕು."

ಹರಸುವಾಗ ನಡುವೆ ತಲೆ ಎತ್ತುವಂತಿಲ್ಲ. ಅಭಿನಯಾ ಹಾಗೆಯೇ ಕುಳಿತಳು. ಎರಡನೆಯ ಲೇನಿನವಳು ಓರೆಗಣ್ಣಿನಿಂದ ನೋಡಿದಳು. ಮಗ್ಗುಲಲ್ಲಿ ಒಬ್ಬಳಿಗೆ ಹಿರಿಯರು ಹರಸುತ್ತಿರುವಾಗ ತಾನು ಸುಮ್ಮನೆ ಮೂತಿ ಮುಂದೆ ಮಾಡಿಕೊಂಡು ಕೂರುವುದು ಯಾವ ನಡವಳಿಕೆ? ಎದ್ದು ಬಂದು ತಲೆ ಬಗ್ಗಿಸಿದಳು. ಅವಳ ಹಿಂದೆ ಮೂರನೆಯವಳು. ಅವಳ ಹಿಂದೆ ಉಳಿದವರು. ನೋಡನೋಡುತ್ತಿದ್ದಂತೆ ನೂರು ಮೀಟರಿನ ಓಟ ಒಂದು ಸಾಲಾಗಿ ನಿಂತಿತು. ಮುಂದಿನ ಸಾಲಿನ ಅಜ್ಜಿಯರು, ಈಗಿನ ಕಾಲದಲ್ಲೂ ಮಕ್ಕಳು ಎಷ್ಟು ಒಳ್ಳೆಯವರೆಂದು ತಲೆದೂಗಿದರು.

"ಮಾಸ್ಟರ್! ಓಟ! ಓಟ!" ಎಂದು ಕಾಳ ಮೈಕಿನಲ್ಲಿ ಕೂಗಿದ.

ಮಾಸ್ಟರಿಗೆ ಕೇಳಿಸಿತು, ಅರ್ಥವೂ ಆಯಿತು, ಬೆವರೂ ಒಡೆಯಿತು. ಆದರೆ ಬಗ್ಗಿದ ತಲೆಯನ್ನು ಬಿಟ್ಟು ಹೋಗುವುದು ಹೇಗೆ? ಬೇಗಬೇಗ ಹರಸುತ್ತ ಕಡೆಯ ಲೇನಿನ ಪುಟ್ಟ ಹುಡುಗಿಯವರೆಗೆ ಬಂದರು. "ಒಂದು ಒಂಬ..." ಎನ್ನುವಷ್ಟರಲ್ಲಿ, ಆತುರಕ್ಕೆ ಎಡಗೈ ಬೆರಳು ಬಿಗಿಯಿತು.

ಢಮ್!

ಅಂಥ ಸದ್ದನ್ನು ಮುಳ್ಳಿಹಟ್ಟಿ ಎಂದೂ ಕೇಳಿರಲಿಲ್ಲ. ಬೆಟ್ಟಕ್ಕೆ ಹೋಗಿ ಬಡಿದು ಹಿಂದಕ್ಕೆ ಬಂತು. ಒಬ್ಬಳು ಚಹಾ ಗಿಡದೊಳಗೆ ನುಗ್ಗಿದಳು. ಇಬ್ಬರು ಹಣೆಗೆ ಹಣೆ ಹೊಡೆದುಕೊಂಡರು. ಅಭಿನಯಾ ಅರ್ಧ ಮೈದಾನ ಓಡಿ, ಹಿಂದೆ ಯಾರೂ ಬರುತ್ತಿಲ್ಲವೆಂದು ತಿಳಿದು ನಿಂತಳು. ಜನ ನಕ್ಕ ನಗುವಿಗೆ ಮಂಜೇ ಅಲ್ಲಾಡಿತು.

ಕಾಳ ಮುಂಡಾಸು ಸರಿಪಡಿಸಿಕೊಳ್ಳುತ್ತ ಬಂದ. "ಪಿಸ್ತೂಲು ಚೆನ್ನಾಗೇ ಇದೆ ಜೋಗಿ. ಈ ಸಲ ಕೆಟ್ಟಿರೋದು ನೀನು."

ಅಗ್ಗದ್ದು ಕೈಕೊಡುತ್ತದೆಂದು ಮಾಸ್ಟರು ತಿಂಗಳೆಲ್ಲ ಹೆದರಿದ್ದರು. ಅದು ಕೈಕೊಡಲಿಲ್ಲ. ಇನ್ನು ಗಾಜಿನ ಕಪಾಟಿನ ಜರ್ಮನಿ ಮಾಲನ್ನು ಕೊಂಡಿದ್ದರೂ ಈ ಕೈಯೇ ತಾನೇ ಅದನ್ನು ಹಿಡಿಯುತ್ತಿದ್ದದ್ದು? ಪಿಸ್ತೂಲನ್ನು ಮೆಲ್ಲಗೆ ಕಾಳನ ಕಡೆಗೆ ಚಾಚಿದರು. ಗುಂಪಿನಲ್ಲಿ ವಸಂತಾಮಣಿ ಎದ್ದು ನಿಂತದ್ದು ಕಾಣಿಸಿತು. ಅವಳು ನಗುತ್ತಿರಲಿಲ್ಲ.

"ಪ್ರವೀಣ, ಊದು ಸೀಟಿ," ಎಂದ ಕಾಳ.

"ಊದಬ್ಯಾಡ!" ಎಂದಳು ಏದುಸಿರು ಬಿಡುತ್ತ ಹಿಂದಿರುಗಿದ ಅಭಿನಯಾ. "ಕಾಳ ತಾತ, ಈ ಕಡೇ ಕೂಸಿಗ ಅರ್ಧವೇ ಆಗಿರೋದು. ಒಂದು ಒಂಬ ಅಂದ್ರು ಮಾಮ, ಅಷ್ಟರಲ್ಲಿ ಹೊಡೆದು ಹೋತು. ನಮಗೆಲ್ಲ ಪೂರಾ, ಅವಳಿಗ ಅರ್ಧ ಅಂದ್ರೆ ಓಟ ನ್ಯಾಯವಾ?"

ಕಡೆಯ ಹುಡುಗಿ ಇನ್ನೂ ತಲೆ ಬಗ್ಗಿಸಿಕೊಂಡೇ ನಿಂತಿದ್ದಳು. ಪಾಪ, ಕಿವಿಯೆರಡನ್ನೂ ಮುಚ್ಚಿಕೊಂಡು ನಿಂತಿದ್ದಳು.

ಕಾಳ ಅಧ್ಯಕ್ಷನಾದರೂ ಹಟ್ಟಿಯವನೇ. ಅರ್ಧ ಆಶೀರ್ವಾದದಲ್ಲಿ ಒಂದು ಮಗುವನ್ನು ನಿಲ್ಲಿಸಿ ಸೀಟಿ ಊದಿಸುವ ಧೈರ್ಯ ಅವನಿಗೂ ಇರಲಿಲ್ಲ. ಅಜ್ಜಿಯರ ಸಾಲು ಅವನನ್ನೇ ನೋಡುತ್ತಿತ್ತು. "ಮುಗಿಸಪ್ಪ," ಎಂದ.

ಮಾಸ್ಟರು ಬಗ್ಗಿ, ಮಗುವಿನ ತಲೆಯ ಮೇಲೆ ಕೈಯಿಟ್ಟು, ಮೊದಲಿನಿಂದ ಹೇಳಿದರು. ಯಾವ ಅವಸರವನ್ನೂ ಮಾಡಲಿಲ್ಲ. ಇನ್ನು ಅವಸರ ಪಡುವಂಥದ್ದು ಏನಿತ್ತು?

ಪ್ರವೀಣ್‌ಕುಮಾರ್ ಅಷ್ಟರಲ್ಲಿ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿದ್ದ. "ತಾತ, ಸೀಟಿ ಕೇಳಿದರೆ ನಮ್ಮ ಹೈಕಳು ಬಸ್ಸು ನಿಲ್ತು ಅಂದುಕೊಂಡು ಇಳಿದುಬಿಡ್ತಾರೆ. ಇಷ್ಟು ಸದ್ದು ನನ್ನ ಕೈಲಿ ಆಗಲ್ಲೆ. ಸಾರೇ ಬಿಡಲಿ."

ಕಾಳ ಒಬ್ಬೊಬ್ಬರ ಮುಖವನ್ನೂ ನೋಡಿದ. "ಸರಿ. ಒಂದೇ ಒಂದು ಸಲ. ಟಿಕ್ ಅಂತೋ, ಆಮೇಲೆ ನಾನು ಯಾರ ಮಾತೂ ಕೇಳಲ್ಲೆ."

ಮಕ್ಕಳು ಲೇನಿಗೆ ಹೋದರು. ಮಾಸ್ಟರು ಹೊಸ ಕೇಪು ಹಾಕಿ, ಪಿಸ್ತೂಲನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಕೆಳಗೆ ಯಾವ ತಲೆ ಬಗ್ಗಿದರೂ ಕಾಣದಂತೆ ಕಣ್ಣನ್ನು ದೂರದ ಕರ್ಪೂರಮರದ ತುದಿಗೆ ನೆಟ್ಟರು.

"ರೆಡೀ..."

ಮೌನ ಬಂತು. ನಗುವವರು ಇರುತ್ತಾರೆಂದು ಅವರು ಎಣಿಸಿದ್ದರು, ಇರಲಿಲ್ಲ. ಒತ್ತಿದರು.

ಟಿಕ್.

ಈಗ ನಗುತ್ತಾರೆ, ಈಗ ಎದ್ದು ನಿಲ್ಲುತ್ತಾರೆ ಎಂದು ಮಾಸ್ಟರು ಕಾದರು. ಒಬ್ಬ ಹುಡುಗಿಯೂ ಎದ್ದಿರಲಿಲ್ಲ. ಬೆರಳು ನೆಲದಲ್ಲೇ ಇದ್ದವು, ಬೆನ್ನುಗಳು ಬಿಲ್ಲಿನಂತೆ ಬಿಗಿದೇ ಇದ್ದವು. ಸೀಟಿಗಾಗಿ ಕಾಳ ಎತ್ತಿದ್ದ ಕೈ ಅರ್ಧದಲ್ಲಿ ನಿಂತಿತ್ತು. ಅವನೂ ಉಸಿರು ಹಿಡಿದುಕೊಂಡು ಪಿಸ್ತೂಲಿನ ತುದಿಯನ್ನೇ ನೋಡುತ್ತಿದ್ದ. ಮಕ್ಕಳು ಮಾಸ್ಟರ ಮೇಲೆ ಭಾರ ಬಿಟ್ಟು ಕುಳಿತಿದ್ದಾರೆ, ಹೊಡೆಯುವವರೆಗೆ ಕಾಯುತ್ತಾರೆ, ಅಷ್ಟೆ. ಮಾಸ್ಟರು ಹೆಬ್ಬೆರಳಿನಿಂದ ಕುದುರೆಯನ್ನು ಇನ್ನೊಮ್ಮೆ ಎತ್ತಿದರು.

ಢಮ್!

ಸಾಲು ಒಂದೇ ಹಕ್ಕಿಯಂತೆ ಹಾರಿತು. ಮಂಜಿನಲ್ಲಿ ಅಂಗಾಲುಗಳಷ್ಟೇ ಕಂಡವು. ಓಟ ಬಿಡುವವನಿಗೆ ಗೆಲ್ಲುವವರ ಮುಖ ಎಂದೂ ಕಾಣುವುದಿಲ್ಲ, ಬೆನ್ನೇ ಗತಿ. ಬೇರೊಂದು ಹಟ್ಟಿಯ ಹುಡುಗಿಯೊಬ್ಬಳು ಗೆದ್ದಳೆಂದೂ ಅಭಿನಯಾ ಎರಡನೆಯವಳೆಂದೂ ಮಾಸ್ಟರಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು. ಅವರು ಇನ್ನೂ ತೋಳು ಇಳಿಸಿರಲಿಲ್ಲ.

ಮಧ್ಯಾಹ್ನ ಊಟದ ಸಾಲಿನಲ್ಲಿ ಕಾಳ ತಟ್ಟೆ ಹಿಡಿದು ಅವರ ಪಕ್ಕಕ್ಕೆ ಬಂದು ಕುಳಿತ. ಅವರೆಕಾಳಿನ ಸಾರಿಗೆ ಅನ್ನ ಕಲಸಿದ.

"ಟಿಕ್ ಅಂತು."

"ಅಂತು ಕಾಳಣ್ಣ."

"ನಾ ಕೇಳಿದೆ."

"ಇಡೀ ಮೈದಾನ ಕೇಳಿತು."

"ಹೂಂ." ಕಾಳ ಒಂದು ತುತ್ತು ತಿಂದ. "ಅಗ್ಗದ್ದಾದರೂ ಪರವಾಗಿಲ್ಲೆ. ಎರಡನೇ ಸಲ ಕೇಳಿದರೆ ಕೊಡುತ್ತೆ. ಎಷ್ಟೋ ಜನ ಅಷ್ಟೂ ಕೊಡಲ್ಲೆ."

"ಊಟ ಆದ ಮೇಲೆ ಗಂಡುಹೈಕಳ ಓಟ ಇದೆಯಲ್ಲ," ಎಂದರು ಮಾಸ್ಟರು ತಟ್ಟೆಯನ್ನೇ ನೋಡುತ್ತ. "ಯಾರು ಬಿಡೋದು?"

"ನೀನಲ್ಲದೆ ಇನ್ಯಾರು? ಮುಂದಿನ ವರ್ಷಗ ಹಗ್ಗಜಗ್ಗಾಟಕ್ಕೂ ನಿನ್ನ ಪಿಸ್ತೂಲೇ ಇರಲಿ, ಜನಗ ಇಷ್ಟವಾಗಿದೆ. ಆದರೆ ಜೋಗಿ, ಒಂದು ಕೆಲಸ ಮಾಡು." ಕಾಳ ಮೈದಾನದ ಕಡೆಗೆ ಗದ್ದದಿಂದ ತೋರಿಸಿದ. "ಹೈಕಳನ್ನೆಲ್ಲ ಈಗಲೇ ಕರೆದು, ಊಟದ ಹೊತ್ತಲ್ಲೇ ಹರಸಿ ಮುಗಿಸಿಬಿಡು. ಓಟದ ನಡುವೆ ಬ್ಯಾಡ."

ಅವನು ಹೇಳಿ ಮುಗಿಸುವ ಮೊದಲೇ ಸುದ್ದಿ ಹರಡಿತ್ತು. ಓಟಕ್ಕೆ ಹೆಸರು ಕೊಟ್ಟ ಹುಡುಗರು, ಕೊಡದ ಹುಡುಗರು, ಕಬಡ್ಡಿಯವರು, ಸುಮ್ಮನೆ ಊಟಕ್ಕೆ ಬಂದವರು ಎಲ್ಲರೂ ಶಾಲೆಯ ಗೋಡೆಯುದ್ದಕ್ಕೂ ಸಾಲು ನಿಂತರು. ಮಾಸ್ಟರು ಕೈ ತೊಳೆದುಕೊಂಡು ಎದ್ದರು. ಪಿಸ್ತೂಲನ್ನು ಎಲ್ಲಿಡುವುದೆಂದು ತಿಳಿಯದೆ ವಸಂತಾಮಣಿಯ ಕಡೆಗೆ ಚಾಚಿದರು.

"ಮೇಲಕ್ಕ ಹಿಡಿದಿರು. ಬೆರಳು ಅಲ್ಲಿಗ ಹಾಕಬ್ಯಾಡ."

"ಗೊತ್ತು, ಹೋಗು," ಎಂದಳು ಅವಳು, ಒದ್ದಾಡುವ ಕೋಳಿಯನ್ನು ಹಿಡಿದಂತೆ ಅದನ್ನು ತೋಳುದ್ದ ದೂರ ಹಿಡಿದು. "ಸಾಲು ದೊಡ್ಡದಿದೆ. ನಿಧಾನಕ್ಕೇ ಮಾಡು."